ಬ್ರೂಟಸ್‌ನ ಪರವಾಗಿ ಅರ್ಥ ಹೇಳಲಿ, ಆಮೇಲೆ ವಿಮರ್ಶೆ ಬರೆಯಲಿ

ಪ್ರಶ್ನೆ: ಮಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಐಸಿಎಸ್‌ಇ ಹತ್ತನೇ ತರಗತಿ ಓದುತ್ತಿದ್ದಾನೆ. ದಸರಾ ರಜೆಗೆ ಮನೆಗೆ ಬಂದಿದ್ದಾನೆ. ಇಂಗ್ಲಿಷ್ ಮೇಡಂ ಎರಡು ವಿಮರ್ಶೆ ಬರೆದು ತರಲು ಹೇಳಿದ್ದಾರೆ. ಒಂದು ಪಾಠಕ್ಕಿರುವ ‘ಜೂಲಿಯಸ್ ಸೀಸರ್’ ನಾಟಕದ್ದು, ಇನ್ನೊಂದು ಹೊರ ಓದಿಗೆ ಕೊಟ್ಟ ‘ಅನಿಮಲ್ ಫಾರ್ಮ್’ ಕಾದಂಬರಿಯದ್ದು. ಇವನು ಗೈಡ್ ನೋಡಿ ಕಥೆಯ ಸಾರಾಂಶ ಬರೆದು, ಕೊನೆಗೆ ‘ಇದರಿಂದ ತಿಳಿಯುವ ನೀತಿ’ ಎಂದು ಮುಗಿಸಿದ್ದಾನೆ. ನಿನಗೇನು ಅನ್ನಿಸಿತು ಎಂದು ಕೇಳಿದರೆ, ‘ಶೇಕ್ಸ್‌ಪಿಯರ್ ಬಗ್ಗೆ ನಾನೇನು ಹೇಳೋದು’ ಅನ್ನುತ್ತಾನೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಈ ಎರಡು ಪುಸ್ತಕವನ್ನೂ ಓದಿಲ್ಲ. ಹೇಗೆ ಸಹಾಯ ಮಾಡಲಿ? ಕನ್ನಡದಲ್ಲಿ ಮಾತಾಡಿಕೊಂಡರೆ ಅವನ ಇಂಗ್ಲಿಷ್ ಕೆಡುತ್ತದೆಯೇ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಕೊನೆಯ ಅನುಮಾನವನ್ನು ಮೊದಲು ತೆಗೆದುಹಾಕೋಣ. ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷ್ ಕೆಡುವುದಿಲ್ಲ. ಈ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವನಾಗಿ ನಾನು ನೋಡಿದ್ದು ಇದಕ್ಕೆ ತದ್ವಿರುದ್ಧ. ನಾಟಕದಲ್ಲಿ ಗೆಳೆಯ ಸೀಸರ್‌ನನ್ನೇ ಕೊಲ್ಲುವ ಬ್ರೂಟಸ್‌ನನ್ನು ಮನೆಮಾತಿನಲ್ಲಿ ಒಮ್ಮೆ ಚೆನ್ನಾಗಿ ಬೈದ ಮಗುವಿಗೆ, ಅವನ ಬಗ್ಗೆ ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಏನಾದರೂ ಇರುತ್ತದೆ. ಹೇಳುವುದು ಇದ್ದರೆ ವಾಕ್ಯ ತಾನಾಗಿ ಬರುತ್ತದೆ, ಒಂದೆರಡು ವ್ಯಾಕರಣದ ತಪ್ಪಿನ ಜೊತೆಗೆ. ಆ ತಪ್ಪನ್ನು ಮೇಡಂ ತಿದ್ದುತ್ತಾರೆ. ಹೇಳುವುದೇ ಇಲ್ಲದ ಸ್ವಚ್ಛ ಇಂಗ್ಲಿಷನ್ನು ಯಾರೂ ತಿದ್ದಲಾರರು.

ನೀವು ಪುಸ್ತಕ ಓದಿಲ್ಲ ಎಂಬುದನ್ನು ಕೊರತೆ ಎಂದುಕೊಳ್ಳಬೇಡಿ. ಕಥೆ ಗೊತ್ತಿರುವವರ ಎದುರು ಮಕ್ಕಳು ಗೈಡಿನ ಮಾತನ್ನೇ ಒಪ್ಪಿಸಿಬಿಡುತ್ತಾರೆ, ಕೇಳುವವರು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಗೊತ್ತಿಲ್ಲದ ಅಮ್ಮ ‘ತಡಿ, ಅವನು ಯಾಕೆ ಹಾಗೆ ಮಾಡಿದ?’ ಎಂದು ಕೇಳಿದರೆ ಹುಡುಗ ಪುಸ್ತಕ ತೆರೆಯಲೇಬೇಕು. ಈ ರಜೆಯಲ್ಲಿ ನೀವು ಮಾಡಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಯಾಕೆ ಎಂದು ಕೇಳುವುದು, ಉತ್ತರ ಪುಸ್ತಕದ ಯಾವ ಪುಟದಲ್ಲಿದೆ ತೋರಿಸು ಎನ್ನುವುದು.

ಸಾರಾಂಶ ಯಾಕೆ ಸಾಲದು? ಓದಿ ಅಂಕ ಕೊಡುವ ಮೇಡಂಗೆ ಸೀಸರ್ ಸಾಯುತ್ತಾನೆ ಎನ್ನುವುದು ಗೊತ್ತಿದೆ. ಅವರಿಗೆ ಗೊತ್ತಿಲ್ಲದ್ದು ಒಂದೇ: ನಿಮ್ಮ ಮಗ ಆ ಪುಟಗಳನ್ನು ತಿರುವುವಾಗ ಎಲ್ಲಿ ತಡೆದು ನಿಂತ ಎನ್ನುವುದು. ಆದ್ದರಿಂದ ಇಡೀ ನಾಟಕದ ಬಗ್ಗೆ ಬರೆಯಲು ಹೊರಡಬೇಡ ಎನ್ನಿ. ಒಂದು ಪಾತ್ರ ಬೇರೆ ದಾರಿ ಹಿಡಿಯಬಹುದಾಗಿದ್ದ ಒಂದೇ ಒಂದು ಗಳಿಗೆಯನ್ನು ಆರಿಸಿಕೊಳ್ಳಲಿ. ಅಲ್ಲಿ ಆ ಪಾತ್ರಕ್ಕೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಅದಕ್ಕೆ ಬೇಕಾಗಿದ್ದದ್ದು ಏನು ಎಂದು ನೋಡಲಿ. ನನ್ನ ಮಟ್ಟಿಗೆ ಹೈಸ್ಕೂಲಿನ ವಿಮರ್ಶೆಯ ಜೀವ ಇರುವುದು ಇದರಲ್ಲೇ.

‘ಜೂಲಿಯಸ್ ಸೀಸರ್’ನಲ್ಲಿ ಅಂಥ ಗಳಿಗೆ ಎರಡನೇ ಅಂಕದ ಮೊದಲ ದೃಶ್ಯದಲ್ಲಿದೆ. ನಡುರಾತ್ರಿ, ತೋಟದಲ್ಲಿ ಬ್ರೂಟಸ್ ಒಬ್ಬನೇ ಇದ್ದಾನೆ. ತನಗೆ ತಾನೇ ಹೇಳಿಕೊಳ್ಳುವ ಮೊದಲ ಮಾತೇ, ಸೀಸರ್ ಸತ್ತರೆ ಮಾತ್ರ ಇದು ಬಗೆಹರಿಯುವುದು ಎಂದು. ತೀರ್ಮಾನ ಮೊದಲು ಬಂದುಬಿಟ್ಟಿತು. ಕಾರಣ ಹುಡುಕುವುದು ಆಮೇಲೆ. ಮುಂದಿನ ಸಾಲುಗಳನ್ನು ಮಗ ನಿಧಾನವಾಗಿ ಓದಿ ನಿಮಗೆ ಹೇಳಲಿ. ಸೀಸರ್ ಮೇಲೆ ತನಗೆ ಸ್ವಂತ ದ್ವೇಷವೇನೂ ಇಲ್ಲ ಎಂದು ಬ್ರೂಟಸ್ ಒಪ್ಪುತ್ತಾನೆ. ಸೀಸರ್ ಇದುವರೆಗೆ ವಿವೇಕ ಬಿಟ್ಟು ಭಾವನೆಯ ಕೈಗೆ ಸಿಕ್ಕಿದ್ದನ್ನು ತಾನು ಕಂಡಿಲ್ಲ ಎಂದೂ ಒಪ್ಪುತ್ತಾನೆ. ಹಾಗಾದರೆ ಕೊಲ್ಲುವುದು ಯಾತಕ್ಕೆ? ಕಿರೀಟ ತಲೆಗೇರಿದರೆ ಅವನು ಬದಲಾಗಬಹುದು. ಅದಕ್ಕೆ ಅವನನ್ನು ಹಾವಿನ ಮೊಟ್ಟೆ ಎಂದುಕೊಂಡು ಒಡೆಯುವ ಮೊದಲೇ ಕೊಂದುಬಿಡೋಣ. ಮಾಡಿದ ತಪ್ಪಿಗಲ್ಲ, ಮುಂದೆ ಮಾಡಬಹುದಾದ ತಪ್ಪಿಗೆ ಮರಣದಂಡನೆ.

ಇಷ್ಟು ಹೇಳಿ ಮುಗಿಸಿದ ಮೇಲೆ ಆಳು ಲೂಸಿಯಸ್ ಒಂದು ಪತ್ರ ತಂದುಕೊಡುತ್ತಾನೆ. ಕಿಟಕಿಯ ಹತ್ತಿರ ಬಿದ್ದಿತ್ತಂತೆ. ರೋಮಿನ ಜನ ನಿನ್ನನ್ನು ಎಚ್ಚರಿಸುತ್ತಿದ್ದಾರೆ ಎನ್ನುವ ಧಾಟಿಯ ಪತ್ರ. ಜನರೇ ಬರೆದದ್ದು ಎಂದು ಬ್ರೂಟಸ್ ನಂಬುತ್ತಾನೆ. ಆದರೆ ಬೇರೆ ಬೇರೆ ಕೈಬರಹದಲ್ಲಿ ಇಂಥ ಪತ್ರ ಎಸೆಯುತ್ತೇನೆ ಎಂದು ಕೊಲೆಯ ಸಂಚು ಹೂಡಿದ ಕ್ಯಾಸಿಯಸ್ ಹೇಳಿದ್ದನ್ನು ನಾವು ಮೊದಲ ಅಂಕದಲ್ಲೇ ಕೇಳಿದ್ದೇವೆ. ಇಲ್ಲಿ ನಿಮ್ಮ ಮಗನಿಗೊಂದು ಪ್ರಶ್ನೆ ಹಾಕಿ: ಪತ್ರ ಬರದಿದ್ದರೂ ಬ್ರೂಟಸ್ ಕೊಲೆಗೆ ಇಳಿಯುತ್ತಿದ್ದನೇ? ಮೋಸಹೋದ ಒಳ್ಳೆಯ ಮನುಷ್ಯ ಎಂದು ಗೈಡುಗಳು ಬರೆಯುತ್ತವೆ. ಪತ್ರ ಬರುವ ಮೊದಲೇ ಅವನು ತೀರ್ಮಾನಕ್ಕೆ ಬಂದಿದ್ದ ಎಂಬುದು ದೃಶ್ಯದ ಅನುಕ್ರಮದಲ್ಲೇ ಇದೆ. ಹೌದು ಎನ್ನಲಿ, ಅಲ್ಲ ಎನ್ನಲಿ, ಎರಡಕ್ಕೂ ನಾಟಕದಲ್ಲಿ ಸಾಕ್ಷಿ ಸಿಗುತ್ತದೆ. ವಾದಿಸಲು ಆಗುವ ಪ್ರಶ್ನೆ ಸಿಕ್ಕಿತೆಂದರೆ ವಿಮರ್ಶೆ ಅರ್ಧ ಬರೆದಂತೆ.

‘ಶೇಕ್ಸ್‌ಪಿಯರ್ ಬಗ್ಗೆ ನಾನೇನು ಹೇಳೋದು’ ಎನ್ನುವ ಹಿಂಜರಿಕೆಗೆ ನಮ್ಮ ಮಲೆನಾಡಿನ ಮನೆಗಳಲ್ಲಿ ಮದ್ದಿದೆ. ವೇಷವಿಲ್ಲದೆ ಕೂತು, ಭಾಗವತರ ಪದ್ಯಕ್ಕೆ ಪಾತ್ರವಾಗಿ ಮಾತಾಡುವ, ಅಂದರೆ ‘ಅರ್ಥ ಹೇಳುವ’ ತಾಳಮದ್ದಲೆಯನ್ನು ನಿಮ್ಮ ಮಗ ಕೇಳಿರುತ್ತಾನೆ. ಕೇಳಿಲ್ಲವಾದರೆ ಈ ರಜೆಯಲ್ಲೇ ಕೇಳಿಸಿ. ವಾಲಿವಧೆ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನೇ ಕೇಳುತ್ತಾನೆ. ರಾಮ ದೇವರೆಂದು ವಾಲಿಯ ಅರ್ಥ ಹೇಳುವವರು ಪ್ರಶ್ನೆಯನ್ನು ಮೆತ್ತಗೆ ಮಾಡುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಆ ವಾದದ ಬಿಸಿಯನ್ನು ಮರೆತಿರಲಾರರು. ಹಾಗೆಂದು ಅರ್ಥಧಾರಿಗೆ ಮನಸ್ಸಿಗೆ ಬಂದಂತೆ ಹೇಳುವ ಸ್ವಾತಂತ್ರ್ಯವೂ ಇಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅವನು ಬದ್ಧ. ಹಿಗ್ಗಿಸಬಹುದು, ಪ್ರಶ್ನಿಸಬಹುದು, ಪದ್ಯದಲ್ಲಿ ಸತ್ತವನನ್ನು ಬದುಕಿಸುವಂತಿಲ್ಲ. ವಿಮರ್ಶೆ ಬರೆಯುವವನಿಗೂ ಇದೇ ಕಟ್ಟುಪಾಡು. ಅವನ ಪದ್ಯ ನಾಟಕದ ಸಾಲು.

ಆದ್ದರಿಂದ ಒಂದು ಸಂಜೆ ಜಗಲಿಯಲ್ಲಿ ಕೂತು ಹುಡುಗ ಬ್ರೂಟಸ್ ಆಗಲಿ. ‘ನಾನು’ ಎಂದೇ ಮಾತಾಡಲಿ, ಕನ್ನಡದಲ್ಲೇ. ನೀವು ರೋಮಿನ ಒಬ್ಬ ಸಾಮಾನ್ಯ ಹೆಂಗಸಾಗಿ ಕೇಳಿ: ಗೆಳೆಯನನ್ನು ಕೊಂದೆಯಲ್ಲ, ಅವನೇನು ಮಾಡಿದ್ದ? ಮೂರು ಸಲ ಕಿರೀಟ ಕೊಟ್ಟಾಗ ಮೂರು ಸಲವೂ ಬೇಡ ಎಂದನಂತಲ್ಲ? ಸೀಸರ್‌ನ ಆಪ್ತ ಆಂಟನಿಗೆ ಮಾತಾಡಲು ಬಿಡಬೇಡ ಎಂದು ಕ್ಯಾಸಿಯಸ್ ಹೇಳಿದರೂ ಯಾಕೆ ಬಿಟ್ಟೆ? ಈ ಕಡೆಯ ಪ್ರಶ್ನೆಗೆ ಉತ್ತರ ಹೇಳುವಾಗ ಹುಡುಗ ತೊದಲಿದರೆ ಒಳ್ಳೆಯದೇ. ಬ್ರೂಟಸ್‌ನ ಉತ್ತರವೂ ಗಟ್ಟಿಯಾಗಿಲ್ಲ. ಮಾರನೇ ದಿನ ಪಾತ್ರ ಅದಲುಬದಲು ಮಾಡಿ, ಅವನು ಆಂಟನಿಯಾಗಲಿ. ಎರಡೂ ಬದಿಯಿಂದ ಮಾತಾಡಿದವನಿಗೆ ಪಾತ್ರವನ್ನು ಒಳ್ಳೆಯವನು, ಕೆಟ್ಟವನು ಎಂದು ಎರಡು ಡಬ್ಬಿಗೆ ಹಾಕುವುದು ಕಷ್ಟವಾಗುತ್ತದೆ. ಆ ಕಷ್ಟವನ್ನೇ ಅವನು ಬರೆಯಬೇಕು.

ಮೂರನೇ ಅಂಕಕ್ಕೆ ಬಂದಾಗ ಕಣ್ಣಿಗೆ ಬೀಳಬೇಕಾದ ಕೆಲವು ಸಂಗತಿಗಳಿವೆ. ಸೀಸರ್ ಸಾಯುವುದು ಈ ಅಂಕದ ಮೊದಲ ದೃಶ್ಯದಲ್ಲಿ, ನಾಟಕದ ಸುಮಾರು ಮಧ್ಯದಲ್ಲಿ. ಹೆಸರು ಅವನದು, ಅರ್ಧ ನಾಟಕ ಅವನಿಲ್ಲದೆ ನಡೆಯುತ್ತದೆ. ಭೂತವಾಗಿ ಮಾತ್ರ ಮತ್ತೊಮ್ಮೆ ಬರುತ್ತಾನೆ. ಕೊಲೆಯ ನಂತರ ಬ್ರೂಟಸ್ ಜನರ ಮುಂದೆ ಗದ್ಯದಲ್ಲಿ ಮಾತಾಡುತ್ತಾನೆ. ತೂಕದ, ಅಳೆದು ಸುರಿದ ಮಾತು. ಆಂಟನಿ ಪದ್ಯದಲ್ಲಿ ಮಾತಾಡುತ್ತಾನೆ, ನಡುವೆ ಗಂಟಲು ಕಟ್ಟಿದಂತೆ ನಿಲ್ಲಿಸುತ್ತಾನೆ, ಹರಿದ ಮೇಲಂಗಿ ತೋರಿಸುತ್ತಾನೆ. ಆಂಟನಿಯ ಭಾಷಣದ ಮೇಲೆ ಎಲ್ಲ ಗೈಡುಗಳೂ ಪುಟಗಟ್ಟಲೆ ಬರೆದಿವೆ, ಮಗ ಅದನ್ನು ಮತ್ತೆ ಬರೆಯುವುದು ಬೇಡ. ಬ್ರೂಟಸ್‌ನ ಭಾಷಣ ಮುಗಿದಾಗ ಗುಂಪಿನಿಂದ ಬರುವ ಒಂದು ಕೂಗನ್ನು ಹುಡುಕಲಿ: ಇವನೇ ಸೀಸರ್ ಆಗಲಿ! ರೋಮಿಗೆ ದೊರೆ ಬೇಡವೆಂದು ಕೊಂದವನಿಗೆ ಜನ ಕೊಡುವ ಬಹುಮಾನ ದೊರೆಯ ಪಟ್ಟ. ಅವನು ಹೇಳಿದ್ದು ಒಬ್ಬರಿಗೂ ಅರ್ಥವಾಗಿಲ್ಲ. ಅದು ಅವನಿಗೆ ತಿಳಿಯುವುದೂ ಇಲ್ಲ. ಆಂಟನಿಯ ಮಾತು ಕೇಳಿ ಎಂದು ಜನರಿಗೆ ಹೇಳಿ, ತಾನೊಬ್ಬನೇ ಹೊರಟುಹೋಗುತ್ತಾನೆ. ನನ್ನನ್ನು ಕೇಳಿದರೆ ಬ್ರೂಟಸ್‌ನ ಸೋಲು ಯುದ್ಧಭೂಮಿಯಲ್ಲಿ ಆದದ್ದಲ್ಲ. ಜನರಿಗೆ ಬೆನ್ನು ಹಾಕಿದ ಆ ಹೊತ್ತಿನಲ್ಲೇ ಆಗಿಹೋಗಿತ್ತು.

ಆಮೇಲೆ ಬರುವ ಪುಟ್ಟ ದೃಶ್ಯವನ್ನು ತರಗತಿಯಲ್ಲಿ ಅವಸರದಲ್ಲಿ ದಾಟಿಸಿಬಿಡುತ್ತಾರೆ. ಸಿನ್ನಾ ಎಂಬ ಕವಿ ಬೀದಿಗೆ ಬರುತ್ತಾನೆ. ಕೊಲೆಗಾರರಲ್ಲಿ ಒಬ್ಬನ ಹೆಸರೂ ಸಿನ್ನಾ. ನಾನು ಅವನಲ್ಲ, ಕವಿ ಎಂದು ಕೂಗಿದರೂ ಗುಂಪು ಬಿಡುವುದಿಲ್ಲ. ಹಾಗಾದರೆ ಕೆಟ್ಟ ಪದ್ಯ ಬರೆದದ್ದಕ್ಕೆ ಹರಿದುಹಾಕಿ ಎನ್ನುತ್ತದೆ. ಅದರ ಬೆನ್ನಿಗೇ ನಾಲ್ಕನೇ ಅಂಕದ ಮೊದಲ ದೃಶ್ಯ. ಸೀಸರ್‌ನ ಉಯಿಲಿನಲ್ಲಿ ಪ್ರತಿ ನಾಗರಿಕನಿಗೂ 75 ದ್ರಾಕ್ಮಾ ಇದೆ ಎಂದು ಅಳುತ್ತ ಓದಿ ಹೇಳಿದ ಆಂಟನಿ, ಇಲ್ಲಿ ಮೇಜಿನ ಮುಂದೆ ಕೂತು ಸಾಯಬೇಕಾದವರ ಪಟ್ಟಿಗೆ ಗುರುತು ಹಾಕುತ್ತಿದ್ದಾನೆ. ಅದರಲ್ಲಿ ತನ್ನ ಸೋದರಳಿಯನ ಹೆಸರೂ ಇರಲಿ ಎಂದು ಒಪ್ಪುತ್ತಾನೆ. ಮತ್ತೆ ಅದೇ ಉಯಿಲನ್ನು ತರಿಸಿ, ಅದರಲ್ಲಿ ಎಷ್ಟು ಕಡಿತ ಮಾಡಬಹುದು ನೋಡೋಣ ಎನ್ನುತ್ತಾನೆ. ಶೇಕ್ಸ್‌ಪಿಯರ್ ಯಾವ ಟೀಕೆಯನ್ನೂ ಸೇರಿಸಿಲ್ಲ. ಎರಡು ದೃಶ್ಯಗಳನ್ನು ಹತ್ತಿರ ಇಟ್ಟಿದ್ದಾನೆ, ಅಷ್ಟೇ. ಇಂಥ ಜೋಡಣೆಯನ್ನು ಕಂಡುಹಿಡಿದು ಒಂದು ಪ್ಯಾರಾ ಬರೆದರೆ ನಿಮ್ಮ ಮಗ ನಾಟಕ ಓದಿದ್ದಾನೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ದೊಡ್ಡವರ ಕೃತಿಯಲ್ಲಿ ತಪ್ಪು ಹುಡುಕಬಹುದೇ? ಖಂಡಿತ ಹುಡುಕಬಹುದು, ಆದರೆ ತಪ್ಪಿನಲ್ಲೂ ದೊಡ್ಡದು ಸಣ್ಣದು ಇದೆ. ಪ್ರಾಚೀನ ರೋಮಿನಲ್ಲಿ ಗಡಿಯಾರ ಹೊಡೆಯುತ್ತದೆ ಎಂಬುದು ಎಲ್ಲರೂ ತೋರಿಸುವ ದೋಷ, ಅದರಿಂದ ನಾಟಕಕ್ಕೆ ಏನೂ ಆಗುವುದಿಲ್ಲ. ನಾಲ್ಕನೇ ಅಂಕದ ಮೂರನೇ ದೃಶ್ಯ ನೋಡಲಿ. ಹೆಂಡತಿ ಪೋರ್ಷಿಯಾ ಸತ್ತಳು ಎಂದು ಬ್ರೂಟಸ್ ತಾನೇ ಕ್ಯಾಸಿಯಸ್‌ಗೆ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ಮೆಸಾಲಾ ಬಂದು ಅದೇ ಸುದ್ದಿ ಹೇಳಿದಾಗ, ಗೊತ್ತೇ ಇಲ್ಲದವನಂತೆ ಕೇಳಿ, ಧೀರನಂತೆ ಸಹಿಸಿಕೊಳ್ಳುತ್ತಾನೆ. ನಾಟಕ ತಿದ್ದುವಾಗ ಹಳೆಯ ಭಾಗ ಉಳಿದುಹೋಯಿತು ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಬೇಕೆಂದೇ ಬರೆದದ್ದು, ಬ್ರೂಟಸ್ ಸೈನಿಕರ ಮುಂದೆ ತನ್ನ ಗಟ್ಟಿತನವನ್ನು ಅಭಿನಯಿಸುತ್ತಿದ್ದಾನೆ ಎನ್ನುವವರೂ ಇದ್ದಾರೆ. ಹತ್ತನೇ ತರಗತಿಯ ಹುಡುಗ ‘ಇದು ನನಗೆ ಸರಿಕಾಣಲಿಲ್ಲ’ ಎಂದು ಬರೆದರೆ ಅವನೂ ಈ ಚರ್ಚೆಯೊಳಗೇ ಬಂದ ಹಾಗಾಯಿತು.

‘ಅನಿಮಲ್ ಫಾರ್ಮ್’ ಓದಲು ಸುಲಭ, ಅದಕ್ಕೇ ವಿಮರ್ಶೆ ಬರೆಯಲು ಕಷ್ಟ. ಯಜಮಾನನನ್ನು ಓಡಿಸಿ ಪ್ರಾಣಿಗಳೇ ತೋಟ ನಡೆಸುವ ಕಥೆ ಅದು. ನೆಪೋಲಿಯನ್ ಎಂಬ ಹಂದಿ ರಷ್ಯಾದ ನಾಯಕ ಸ್ಟಾಲಿನ್, ಸ್ನೋಬಾಲ್ ಎಂಬ ಹಂದಿ ಅವನ ಎದುರಾಳಿ ಟ್ರಾಟ್‌ಸ್ಕಿ ಎಂದು ಪಟ್ಟಿ ಬರೆದರೆ ಕೆಲಸ ಮುಗಿಯಿತು ಎಂದು ಮಕ್ಕಳು ತಿಳಿಯುತ್ತಾರೆ. ಲೇಖಕನ ಬದುಕಿನಿಂದಲೂ ಪುಟ ತುಂಬಿಸುತ್ತಾರೆ. ಜಾರ್ಜ್ ಆರ್ವೆಲ್ 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಎನ್ನುವುದು ನಮಗೆ ಖುಷಿಯ ಸಂಗತಿ, ಆದರೆ ಕಾದಂಬರಿಯ ಯಾವ ಪುಟಕ್ಕೂ ಅದರಿಂದ ಬೆಳಕು ಬೀಳುವುದಿಲ್ಲ. ಪುಸ್ತಕ 1945ರ ಆಗಸ್ಟ್‌ನಲ್ಲಿ ಬಂತು, ಅದಕ್ಕೆ ಮೊದಲು ಹಲವು ಪ್ರಕಾಶಕರು ಹಿಂದಿರುಗಿಸಿದ್ದರು, ಆಗ ರಷ್ಯಾ ಯುದ್ಧದಲ್ಲಿ ಬ್ರಿಟನ್ನಿನ ಮಿತ್ರದೇಶವಾಗಿತ್ತು ಎನ್ನುವ ಸಂಗತಿ ಬೇಕಾದರೆ ಬರೆಯಲಿ. ಯಾಕೆಂದರೆ ಸತ್ಯ ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವುದು ಕಾದಂಬರಿಯ ಒಳಗೂ ಇದೆ.

ಎರಡನೇ ಅಧ್ಯಾಯದ ಕೊನೆಗೆ ಹೋಗಿ. ಪ್ರಾಣಿಗಳು ಯಜಮಾನನನ್ನು ಓಡಿಸಿ, ಏಳು ಕಟ್ಟಳೆಗಳನ್ನು ಗೋಡೆಯ ಮೇಲೆ ಬರೆದು, ಹಸುಗಳ ಹಾಲು ಕರೆದು ಬಕೆಟ್ಟುಗಳಲ್ಲಿ ಇಟ್ಟಿವೆ. ಎಲ್ಲರೂ ಹುಲ್ಲು ಕೊಯ್ಯಲು ಹೋಗಿ ಸಂಜೆ ಬರುವ ಹೊತ್ತಿಗೆ ಹಾಲು ಇಲ್ಲ. ಅಧ್ಯಾಯ ಮುಗಿಯಿತು. ಯಾರು ಕುಡಿದರು ಎನ್ನುವುದು ಮುಂದಿನ ಅಧ್ಯಾಯದಲ್ಲಿ ತಿಳಿಯುತ್ತದೆ: ಅದು ದಿನವೂ ಹಂದಿಗಳ ಕಲಗಚ್ಚಿಗೆ ಹೋಗುತ್ತಿತ್ತು. ನಾವು ತಲೆಯಿಂದ ಕೆಲಸ ಮಾಡುವವರು, ನಮಗೆ ಹಾಲು ಬೇಕು, ನಾವು ಸೋತರೆ ಹಳೆಯ ಯಜಮಾನ ಜೋನ್ಸ್ ವಾಪಸ್ ಬರುತ್ತಾನೆ ಎಂದು ಸ್ಕ್ವೀಲರ್ ಎಂಬ ಹಂದಿ ವಿವರಿಸುತ್ತಾನೆ. ಹಾಲು ಕರೆಯುವ ಮನೆಯಲ್ಲಿ ಬೆಳೆದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರಾಂತಿ ಕೆಟ್ಟದ್ದು ಎಲ್ಲಿಂದ ಎಂದು ಕೇಳಿದರೆ ಸ್ನೋಬಾಲ್‌ನನ್ನು ನಾಯಿಗಳು ಅಟ್ಟಿದಾಗ ಎಂದು ಗೈಡು ಹೇಳುತ್ತದೆ. ಹಾಲು ಕಾಣೆಯಾದ ಸಂಜೆಯೇ ಎಂದು ವಾದಿಸಲು ಸಾಧ್ಯ. ಆಗ ಸ್ನೋಬಾಲ್ ಇನ್ನೂ ಅಲ್ಲೇ ಇದ್ದ ಎಂಬುದನ್ನು ಮರೆಯಬಾರದು.

ಇನ್ನು ಬೆಂಜಮಿನ್ ಎಂಬ ಕತ್ತೆ. ನನಗೆ ಈ ಕಾದಂಬರಿಯಲ್ಲಿ ಅತ್ಯಂತ ನೋವು ಕೊಡುವ ಪಾತ್ರ ಅದೇ. ಕುದುರೆ ಬಾಕ್ಸರ್‌ಗೆ ನಾಲ್ಕನೇ ಅಕ್ಷರದಿಂದ ಮುಂದೆ ಕಲಿಯಲು ಆಗಲಿಲ್ಲ. ಹೆಣ್ಣು ಕುದುರೆ ಕ್ಲೋವರ್‌ಗೆ ಅಕ್ಷರ ಬಂದರೂ ಪದ ಕೂಡಿಸಲು ಬಾರದು. ಬೆಂಜಮಿನ್‌ಗೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ, ಓದುವಂಥದ್ದು ಏನೂ ಇಲ್ಲ ಎಂದು ಓದುವುದಿಲ್ಲ. ಎಂಟನೇ ಅಧ್ಯಾಯದಲ್ಲಿ ಒಂದು ರಾತ್ರಿ ಸ್ಕ್ವೀಲರ್ ಏಣಿ ಮುರಿದು ಗೋಡೆಯ ಕೆಳಗೆ ಬಿದ್ದಿರುತ್ತಾನೆ, ಪಕ್ಕದಲ್ಲಿ ಬಿಳಿ ಬಣ್ಣದ ಡಬ್ಬಿ ಉರುಳಿದೆ. ಕಟ್ಟಳೆಗಳನ್ನು ಯಾರು ತಿದ್ದುತ್ತಿದ್ದಾರೆ ಎಂದು ಬೆಂಜಮಿನ್‌ಗೆ ಅರ್ಥವಾದಂತಿದೆ, ತಲೆಯಾಡಿಸಿ ಸುಮ್ಮನಾಗುತ್ತದೆ. ಒಂಬತ್ತನೇ ಅಧ್ಯಾಯದಲ್ಲಿ ಬಾಕ್ಸರ್‌ನನ್ನು ಗಾಡಿಯಲ್ಲಿ ಒಯ್ಯುವಾಗ ಮಾತ್ರ ಬೆಂಜಮಿನ್ ಓಡಿ ಬಂದು, ಗಾಡಿಯ ಮೇಲಿನ ಕಸಾಯಿಯವನ ಹೆಸರನ್ನು ಎಲ್ಲರಿಗೂ ಓದಿ ಹೇಳುತ್ತದೆ. ಅಷ್ಟರಲ್ಲಿ ಗಾಡಿ ಹೊರಟಾಗಿದೆ. ಬಾಕ್ಸರ್‌ನ ಸಾವಿನಲ್ಲಿ ಬೆಂಜಮಿನ್‌ನ ಪಾಲೆಷ್ಟು? ಈ ಒಂದು ಪ್ರಶ್ನೆಯ ಮೇಲೆ ನಿಮ್ಮ ಮಗ ಇಡೀ ವಿಮರ್ಶೆ ಕಟ್ಟಬಹುದು. ಸ್ಟಾಲಿನ್ ಹೆಸರು ಒಮ್ಮೆ ಬಂದರೆ ಸಾಕು.

ಪಕ್ಕದ ಮನೆಯಲ್ಲಿ ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಅವರ ಇಂಗ್ಲಿಷ್ ಪುಸ್ತಕದಲ್ಲಿ ಕರುಣೆಯನ್ನು ಕುರಿತ ಪೋರ್ಷಿಯಾಳ ಸಾಲುಗಳು ಪದ್ಯವಾಗಿ ಬಂದಿವೆ. (ಇವಳು ‘ದಿ ಮರ್ಚೆಂಟ್ ಆಫ್ ವೆನಿಸ್’ನ ಪೋರ್ಷಿಯಾ, ಬ್ರೂಟಸ್‌ನ ಹೆಂಡತಿಯಲ್ಲ.) ಬಿಡಿಯಾಗಿ ಓದಿದರೆ ಅದು ಪ್ರಾರ್ಥನೆಯಂತೆ ಕೇಳುತ್ತದೆ. ನಾಟಕದಲ್ಲಿ ಆ ಮಾತು ಬರುವುದು ನ್ಯಾಯಾಲಯದಲ್ಲಿ, ಯಹೂದಿ ಶೈಲಾಕ್‌ನ ಎದುರು. ಅದೇ ದೃಶ್ಯ ಮುಗಿಯುವ ಮೊದಲು ಅವನು ಕ್ರೈಸ್ತನಾಗಬೇಕು ಎಂಬ ಷರತ್ತನ್ನು ಕರುಣೆಯ ಹೆಸರಿನಲ್ಲೇ ಹಾಕುತ್ತಾರೆ. ನನಗೆ ಮೈ ಸರಿಯಿಲ್ಲ, ಹೋಗಲು ಬಿಡಿ ಎಂದು ಅವನು ಹೊರಟುಹೋಗುತ್ತಾನೆ. ಶೈಲಾಕ್ ರಂಗದ ಮೇಲೆ ಬರುವುದು ಒಟ್ಟು ಐದೇ ದೃಶ್ಯಗಳಲ್ಲಿ, ಆದರೂ ನಾಟಕ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವವನು ಅವನು. ಪದ್ಯವನ್ನು ದೃಶ್ಯದೊಳಕ್ಕೆ ಮರಳಿ ಇಟ್ಟು ನೋಡಿದರೆ ಸರ್ಕಾರಿ ಶಾಲೆಯ ಮಗುವೂ ಹೇಳಿಕೊಟ್ಟದ್ದನ್ನು ಮೀರಿದ ಉತ್ತರ ಬರೆಯುತ್ತದೆ.

ಕನ್ನಡ ಓದಿನ ವಿಷಯಕ್ಕೆ ಬಂದರೆ, ನೀವಿಬ್ಬರೂ ಕೂತು ಓದಬಹುದಾದ ಒಂದು ನಾಟಕ ನಿಮ್ಮ ತಾಲ್ಲೂಕಿನವರದೇ. ಕುವೆಂಪು ‘ಹ್ಯಾಮ್ಲೆಟ್’ ಕಥೆಯನ್ನು ಬಿದನೂರಿನ ಅರಸೊತ್ತಿಗೆಗೆ ತಂದು ‘ರಕ್ತಾಕ್ಷಿ’ ಬರೆದರು. ಬಿದನೂರು ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಬೇಕಾದರೆ ಕೋಟೆಯನ್ನೂ ನೋಡಿಬನ್ನಿ. ‘ದಿ ಟೆಂಪೆಸ್ಟ್’ ಅವರ ಕೈಯಲ್ಲಿ ‘ಬಿರುಗಾಳಿ’ಯಾಯಿತು. ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂದು ನೋಡಿದರೆ, ಶೇಕ್ಸ್‌ಪಿಯರ್ ಎದುರು ಕೈಕಟ್ಟಿ ನಿಲ್ಲಬೇಕಿಲ್ಲ ಎಂಬುದು ಹುಡುಗನಿಗೆ ತಾನಾಗಿ ತಿಳಿಯುತ್ತದೆ. ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕ ಹತ್ತಿರದ ಊರಿಗೆ ಬಂದರೆ, ಯಾವ ನಾಟಕವೇ ಆಗಿರಲಿ, ಕರೆದುಕೊಂಡು ಹೋಗಿ. ಮಾತಾಡದೆ ನಿಂತ ಪಾತ್ರಗಳು ಏನು ಮಾಡುತ್ತಿವೆ ನೋಡು ಎಂದು ಹೇಳಿ. ಪುಸ್ತಕದಲ್ಲಿ ಓದುವಾಗ ಮಕ್ಕಳಿಗೆ ಕಾಣದೇ ಹೋಗುವುದು ಅದೊಂದೇ.

ಬರೆಯುವ ಕ್ರಮ ಹೀಗಿರಲಿ. ಮೊದಲ ವಾಕ್ಯದಲ್ಲೇ ತಾನು ಆರಿಸಿಕೊಂಡ ಗಳಿಗೆ ಮತ್ತು ತನ್ನ ಪ್ರಶ್ನೆ ಬರಲಿ. ಕಥೆ ನಾಲ್ಕೈದು ವಾಕ್ಯ ಮೀರಬಾರದು. ಆಮೇಲೆ ಸಾಕ್ಷಿ: ನಾಟಕದ ಸಾಲು ಚಿಕ್ಕದಾಗಿ, ಅಂಕ ಮತ್ತು ದೃಶ್ಯದ ಸಂಖ್ಯೆ ಸಮೇತ. ತನ್ನ ವಾದಕ್ಕೆ ವಿರುದ್ಧವಾಗಿ ಹೋಗುವ ಒಂದು ಸಾಲನ್ನು ತಾನೇ ಎತ್ತಿ ಅದಕ್ಕೆ ಉತ್ತರ ಕೊಡಲಿ. ಜಗಲಿಯಲ್ಲಿ ನೀವು ಕೇಳಿದ ಪ್ರಶ್ನೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಮುಗಿಸಿದ ಮೇಲೆ ನೀವು ಹೀಗೆ ಪರೀಕ್ಷಿಸಿ: ಪ್ರತಿ ವಾಕ್ಯವನ್ನೂ ಅವನು ಕನ್ನಡದಲ್ಲಿ ಹೇಳಲಿ. ಬೇರೆ ಯಾವ ಪುಸ್ತಕದ ವಿಮರ್ಶೆಗೂ ಅಂಟಿಸಬಹುದಾದ ವಾಕ್ಯ ಬಂದರೆ, ಉದಾಹರಣೆಗೆ ‘ಲೇಖಕರು ಮನುಷ್ಯ ಸ್ವಭಾವವನ್ನು ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಎಂದು, ಅದನ್ನು ಹೊಡೆದುಹಾಕಿಸಿ.

ಅಂಕದ ಚಿಂತೆಯೂ ಇರುತ್ತದೆ. ಐಸಿಎಸ್‌ಇ ಇಂಗ್ಲಿಷ್ ಸಾಹಿತ್ಯದಲ್ಲಿ ಬರವಣಿಗೆಯ ಪರೀಕ್ಷೆಗೆ 80, ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ನಾಟಕದ ಆಯ್ದ ಸಾಲುಗಳನ್ನು ಕೊಟ್ಟು ಪ್ರಶ್ನೆ ಕೇಳುವಾಗ, ಯಾರು, ಯಾರಿಗೆ, ಯಾವಾಗ, ಯಾಕೆ ಹೇಳಿದರು ಎಂದು ಗೊತ್ತಿದ್ದವನಿಗೆ ಗೈಡಿನ ಪಾತ್ರಚಿತ್ರಣ ಬಾಯಿಪಾಠ ಮಾಡುವ ಹೊರೆ ಕಡಿಮೆಯಾಗುತ್ತದೆ.

ರಜೆ ಮುಗಿಯಲು ಕೆಲವೇ ದಿನ ಉಳಿದಿದ್ದರೆ ಮೊದಲಿನಿಂದ ಓದುತ್ತಾ ಕೂರುವುದು ಬೇಡ. ಇವತ್ತು ಎರಡನೇ ಅಂಕದ ಮೊದಲ ದೃಶ್ಯ, ನಾಳೆ ಮೂರನೇ ಅಂಕ ಪೂರ್ತಿ, ನಾಡಿದ್ದು ನಾಲ್ಕನೇ ಅಂಕ. ಗಟ್ಟಿಯಾಗಿ ಓದಲಿ, ನೀವು ಅಡಿಕೆ ಸುಲಿಯುತ್ತಲೇ ಕೇಳಬಹುದು. ಕಾದಂಬರಿಗೆ ಎರಡು, ಎಂಟು ಮತ್ತು ಒಂಬತ್ತನೇ ಅಧ್ಯಾಯಗಳಿಂದ ಶುರುಮಾಡಿ. ಗೈಡನ್ನು ಅಷ್ಟು ದಿನ ಅಟ್ಟಕ್ಕೆ ಹಾಕಿ. ಕರಡು ಬರೆದಾದ ಮೇಲೆ, ತನ್ನ ಮಾತು ಅದರಲ್ಲಿ ಎಲ್ಲಿಲ್ಲ ಎಂದು ಹುಡುಕಲು ಅವನೇ ಇಳಿಸಿಕೊಳ್ಳಲಿ.